ಮನೆಗೆ ಎಸ್ಪ್ರೆಸೊ ಮೆಷಿನ್: ಒಂದು ಬಾಯ್ಲರ್ ಸಾಕಾ, ಎರಡು ಬೇಕಾ?

ಬೆಳಗಿನ ಕಪ್ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಮನೆಗೆ ಮೊದಲ ಎಸ್ಪ್ರೆಸೊ ಮೆಷಿನ್ ತಗೋಬೇಕು ಅಂತಿದೀವಿ. ಬಳಕೆ ಇಷ್ಟು: ಬೆಳಿಗ್ಗೆ ಎರಡು ಕ್ಯಾಪುಚಿನೊ, ಒಂದೊಂದಕ್ಕೆ ಸುಮಾರು 120 ಮಿ.ಲೀ. ಹಾಲು. ಮಧ್ಯಾಹ್ನ ಎರಡು ಎಸ್ಪ್ರೆಸೊ, ಹಾಲಿಲ್ಲದೆ. ಅಪರೂಪಕ್ಕೆ ನಾಲ್ಕು ಜನ ಸೇರಬಹುದು, ಅದಕ್ಕಿಂತ ಹೆಚ್ಚಿಲ್ಲ. ಕಟ್ಟೆಗೂ ಮೇಲಿನ ಕಪಾಟಿಗೂ ನಡುವೆ 45 ಸೆಂ.ಮೀ. ಎತ್ತರ ಇದೆ, ಕಟ್ಟೆಯ ಆಳ 55 ಸೆಂ.ಮೀ.

ಓದಿದಷ್ಟೂ ಗೊಂದಲ ಜಾಸ್ತಿ ಆಗ್ತಿದೆ. ಸಿಂಗಲ್ ಬಾಯ್ಲರ್, ಹೀಟ್ ಎಕ್ಸ್‌ಚೇಂಜರ್, ಡ್ಯುಯಲ್ ಬಾಯ್ಲರ್, ಥರ್ಮೊಬ್ಲಾಕ್ ಇವುಗಳಲ್ಲಿ ನಮ್ಮ ಬಳಕೆಗೆ ಯಾವುದು ಸರಿ? ಕೆಲವು ಡಬ್ಬದ ಮೇಲೆ ಒತ್ತಡ 15 ಬಾರ್, ಕೆಲವದರ ಮೇಲೆ 20 ಬಾರ್ ಅಂತಿದೆ. 20 ಇದ್ರೆ ಕಾಫಿ ಚೆನ್ನಾಗಿ ಬರುತ್ತಾ? ಕೊನೇದು ಗ್ರೈಂಡರ್: ಮೆಷಿನ್ ಒಳಗೇ ಇರೋದು ತಗೊಂಡ್ರೆ ಆಗುತ್ತಾ, ಅಥವಾ ಸದ್ಯಕ್ಕೆ ಪುಡಿ ಮಾಡಿಸಿದ ಕಾಫಿಯಲ್ಲೇ ಶುರು ಮಾಡಿ ಆಮೇಲೆ ಬೇರೆ ತಗೊಳ್ಳೋದಾ?

ನುಣ್ಣನೆ ಪುಡಿ:

ಗ್ರೈಂಡರ್ ಮಾತನ್ನು ನೀವು ಕೊನೆಗೆ ತಂದಿದೀರಿ. ಅದನ್ನೇ ಮೊದಲು ಇತ್ಯರ್ಥ ಮಾಡ್ಕೊಳ್ಳಿ.

ಪಂಪು ನೀರನ್ನು ತಳ್ಳುತ್ತದೆ ಅಷ್ಟೆ. ಒತ್ತಡ ಹುಟ್ಟುವುದು ಆ ನೀರಿಗೆ ಪುಡಿ ಅಡ್ಡ ನಿಂತಾಗ. ಬಾಸ್ಕೆಟ್ ಅಂದರೆ ಪುಡಿ ತುಂಬುವ ತೂತಿನ ಬಟ್ಟಲು, ಅದನ್ನು ಖಾಲಿಯಾಗಿ ಸಿಕ್ಕಿಸಿ ಪಂಪ್ ಹಾಕಿ ನೋಡಿ, ಗೇಜಿನ ಮುಳ್ಳು ಮೇಲೇಳುವುದೇ ಇಲ್ಲ. 18 ಗ್ರಾಂ ಪುಡಿ ಹಾಕಿದರೆ 36 ಗ್ರಾಂ ಕಾಫಿ 25ರಿಂದ 30 ಸೆಕೆಂಡಿನಲ್ಲಿ ಇಳಿಯಬೇಕು ಅನ್ನೋದು ಎಲ್ಲರೂ ಶುರು ಮಾಡುವ ಲೆಕ್ಕ. ಆ ಸೆಕೆಂಡುಗಳನ್ನು ಹಿಡಿದಿಡುವುದು ಪುಡಿ ಎಷ್ಟು ನುಣ್ಣಗಿದೆ, ಎಷ್ಟು ಒಂದೇ ಸಮ ಇದೆ ಅನ್ನೋದು. ಹಾಗಾಗಿ ಎಸ್ಪ್ರೆಸೊ ಗ್ರೈಂಡರ್‌ನಲ್ಲಿ ಒಂದು ಗುರುತು ಸರಿಸಿದರೆ ಶಾಟ್ (ಒಂದು ಸಲಕ್ಕೆ ಇಳಿಸುವ ಕಾಫಿ) ಮೂರು ನಾಲ್ಕು ಸೆಕೆಂಡು ಮಾತ್ರ ಹಿಂದೆ ಮುಂದೆ ಆಗಬೇಕು. ಡ್ರಿಪ್, ಫ್ರೆಂಚ್ ಪ್ರೆಸ್‌ಗೆಂದು ಮಾಡಿದ ಗ್ರೈಂಡರ್‌ನಲ್ಲಿ ಒಂದೇ ಗುರುತಿಗೆ 18 ಸೆಕೆಂಡಿನಿಂದ 40ಕ್ಕೆ ಜಿಗಿಯುತ್ತೆ, ನಡುವೆ ನಿಲ್ಲಿಸಲು ಜಾಗವೇ ಇರಲ್ಲ. ಬ್ಲೇಡ್ ತಿರುಗಿ ಚೂರು ಮಾಡುವ ಮಿಕ್ಸಿ ಬಗೆಯದಂತೂ ಬೇಡವೇ ಬೇಡ. ಅದರಲ್ಲಿ ಧೂಳೂ ಇರುತ್ತೆ, ನುಚ್ಚೂ ಇರುತ್ತೆ. ನೀರು ನುಚ್ಚಿನ ಸಂದಿಯಲ್ಲಿ ನುಗ್ಗಿ ಓಡುತ್ತದೆ.

ಪುಡಿ ಮಾಡಿಸಿದ ಕಾಫಿ ಯಾಕೆ ಬೇಡ ಅಂದ್ರೆ ಹದ ತಿದ್ದುವ ದಾರಿಯೇ ನಿಮ್ಮ ಕೈಯಲ್ಲಿ ಇರಲ್ಲ. ಹುರಿದ ಬೀಜ ದಿನ ಕಳೆದಂತೆ ಒಳಗಿನ ಅನಿಲ ಕಳ್ಕೊಳ್ಳುತ್ತೆ, ಇವತ್ತು 28 ಸೆಕೆಂಡಿಗೆ ಬಂದ ಶಾಟ್ ನಾಲ್ಕು ದಿನ ಬಿಟ್ಟು 23ಕ್ಕೆ ಬರುತ್ತೆ. ಬೀಸುವ ಹದ ಒಂದು ಕೂದಲಷ್ಟು ಬಿಗಿ ಮಾಡಿದರೆ ಸರಿಹೋಗುತ್ತೆ. ಆಗಲೇ ಪುಡಿಯಾಗಿರುವುದನ್ನು ಏನು ಬಿಗಿ ಮಾಡ್ತೀರಿ? ಅದಕ್ಕೇ ಅಗ್ಗದ ಮೆಷಿನ್‌ಗಳ ಜೊತೆ ಎರಡು ಗೋಡೆಯ ಬಾಸ್ಕೆಟ್ ಕೊಡ್ತಾರೆ. ಒಳತಳದಲ್ಲಿ ನೂರಾರು ತೂತು, ಹೊರತಳದಲ್ಲಿ ಒಂದೇ ಒಂದು ಸೂಜಿ ತೂತು. ನೀರನ್ನು ತಡೆಯುವುದು ಆ ತೂತು, ಪುಡಿ ಅಲ್ಲ. ಬಣ್ಣದ ನೊರೆ ಬರುತ್ತೆ, ಆದರೆ ದೊಡ್ಡ ಗುಳ್ಳೆಯ ಹಗುರ ನೊರೆ. ಅರ್ಧ ನಿಮಿಷದಲ್ಲಿ ಇಳಿದುಹೋಗುತ್ತೆ. ಕಲಿಯುವ ಮನಸ್ಸಿದ್ದರೆ ಒಂದು ಗೋಡೆಯ ಬಾಸ್ಕೆಟ್ ಸಿಗುತ್ತಾ ಅಂತ ಕೇಳಿಯೇ ಮೆಷಿನ್ ತಗೊಳ್ಳಿ.

ಒಳಗೇ ಗ್ರೈಂಡರ್ ಇರುವ ಮೆಷಿನ್‌ನಲ್ಲಿ ಜಾಗ ಉಳಿಯುತ್ತೆ, ಅದು ನಿಜವಾದ ಅನುಕೂಲ. ಆದರೆ ಗ್ರೈಂಡರ್ ಕೆಟ್ಟ ದಿನ ಮೆಷಿನ್ನೂ ರಿಪೇರಿಗೆ ಹೋಗುತ್ತೆ. ಮುಂದೆ ಒಳ್ಳೆ ಗ್ರೈಂಡರ್ ಬೇಕೆನಿಸಿದಾಗ ಹಳೆಯದನ್ನು ಬೇರೆಯಾಗಿ ಮಾರಲೂ ಆಗಲ್ಲ. ಬೀಜದ ಬುಟ್ಟಿ ಬಾಯ್ಲರ್ ಪಕ್ಕದಲ್ಲೇ ಬೆಚ್ಚಗೆ ಕೂತಿರೋದು ಇನ್ನೊಂದು ತೊಂದರೆ. ಒಟ್ಟು ಹಣ ಎಷ್ಟೇ ಇರಲಿ, ಅದರಲ್ಲಿ ಐದರಲ್ಲಿ ಎರಡು ಪಾಲು ಗ್ರೈಂಡರ್‌ಗೆ ತೆಗೆದಿಡಿ. ಅಷ್ಟು ಆಗದಿದ್ದರೆ ಎಸ್ಪ್ರೆಸೊಗೆಂದೇ ಮಾಡಿದ ಕೈ ಗ್ರೈಂಡರ್ ನೋಡಿ. ಸ್ಟೀಲ್ ಬರ್ (ಬೀಸುವ ಹಲ್ಲಿನ ಚಕ್ರ) ಇರುವ, ಸಣ್ಣ ಸಣ್ಣ ಗುರುತುಗಳಿರುವ ಒಳ್ಳೆಯದರಲ್ಲಿ 18 ಗ್ರಾಂ ಬೀಸಲು ಒಂದು ನಿಮಿಷದ ಆಸುಪಾಸು ಸಾಕು. ದಿನಕ್ಕೆ ನಾಲ್ಕು ಸಲ ತಿರುಗಿಸಲು ತೋಳು ಒಪ್ಪಬೇಕು ಅಷ್ಟೆ. ತಿಳಿ ಹುರಿತದ ಬೀಜ ಗಟ್ಟಿ, ಅದಕ್ಕೆ ಇನ್ನೂ ಹೊತ್ತು ಹಿಡಿಯುತ್ತೆ.

ಹಿತ್ತಾಳೆ ಗ್ರೂಪ್:

ನುಣ್ಣನೆ ಪುಡಿ ಅವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಮೆಷಿನ್ ಕಡೆಯದನ್ನು ನಾನು ಹೇಳುತ್ತೇನೆ.

ಮೊದಲು ಬಾರ್ ವಿಷಯ ಮುಗಿಸೋಣ. ಎಸ್ಪ್ರೆಸೊಗೆ ಬೇಕಾದದ್ದು ಪುಡಿಯ ಮೇಲೆ ಸುಮಾರು 9 ಬಾರ್. ಡಬ್ಬದ ಮೇಲಿನ 15 ಅಥವಾ 20, ದಾರಿ ಪೂರ್ತಿ ಮುಚ್ಚಿದಾಗ ಆ ವೈಬ್ರೇಷನ್ ಪಂಪು ಕೊಡಬಲ್ಲ ಗರಿಷ್ಠ ಒತ್ತಡ. ಒಳ್ಳೆಯ ಮೆಷಿನ್‌ನಲ್ಲಿ ಓಪಿವಿ ಅನ್ನುವ ಸ್ಪ್ರಿಂಗ್ ವಾಲ್ವ್ ಹೆಚ್ಚಾದ ನೀರನ್ನು ಟ್ಯಾಂಕಿಗೆ ವಾಪಸ್ ಕಳಿಸಿ ಒತ್ತಡವನ್ನು 9ರ ಸುತ್ತ ನಿಲ್ಲಿಸುತ್ತದೆ. 12, 13 ಬಾರ್‌ನಲ್ಲಿ ನೀರು ಒತ್ತಿ ಕೂರಿಸಿದ ಪುಡಿಯ ಬಿಲ್ಲೆಯನ್ನು ಸೀಳಿಕೊಂಡು ಹೋಗುವ ಸಂಭವ ಜಾಸ್ತಿ. ಹಾಗಾಗಿ 20 ಎಂಬ ಅಂಕಿಗೆ ಬೆಲೆ ಕೊಡಬೇಡಿ. ಓಪಿವಿ ಎಷ್ಟಕ್ಕೆ ಇಟ್ಟಿದ್ದಾರೆ, ಅದನ್ನು ತಿದ್ದಲು ಬರುತ್ತಾ ಅಂತ ಕೇಳಿ.

ಇನ್ನು ಬಾಯ್ಲರ್. ಇದರ ಗೊಂದಲವೆಲ್ಲ ಒಂದೇ ಕಾರಣಕ್ಕೆ. ಕಾಫಿಗೆ ನೀರು 90ರಿಂದ 96 ಡಿಗ್ರಿ ಇರಬೇಕು, ಹಾಲಿಗೆ ಹಬೆ ಬರಬೇಕಾದರೆ ಅದೇ ನೀರು 120 ಡಿಗ್ರಿ ದಾಟಬೇಕು. ಈ ಎರಡು ಬಿಸಿಯನ್ನು ಹೇಗೆ ಹೊಂದಿಸುತ್ತಾರೆ ಅನ್ನುವುದರ ಮೇಲೆ ಮೆಷಿನ್ ಜಾತಿ ನಿರ್ಧಾರ ಆಗುತ್ತದೆ.

ಸಿಂಗಲ್ ಬಾಯ್ಲರ್‌ನಲ್ಲಿ ಒಂದೇ ಪಾತ್ರೆ ಸರದಿಯಲ್ಲಿ ಎರಡೂ ಕೆಲಸ ಮಾಡುತ್ತದೆ. ಶಾಟ್ ತೆಗೆದು, ಹಬೆ ಸ್ವಿಚ್ ಒತ್ತಿ, ಅರ್ಧ ನಿಮಿಷದಿಂದ ಒಂದು ನಿಮಿಷ ಕಾಯಬೇಕು. ಹಾಲಾದ ಮೇಲೆ ಮತ್ತೆ ಶಾಟ್ ಬೇಕಿದ್ದರೆ ಪಂಪ್ ಹಾಕಿ ತಣ್ಣೀರು ತುಂಬಿಸಿ ಬಿಸಿ ಇಳಿಸಬೇಕು. ಈ ತುಂಬಿಸುವ ಕೆಲಸ ಕಾಫಿ ಬೇಡದಿದ್ದರೂ ಮಾಡಲೇಬೇಕು. ಹಬೆ ಬಿಟ್ಟಷ್ಟೂ ಬಾಯ್ಲರ್ ನೀರು ಕಡಿಮೆಯಾಗಿರುತ್ತದೆ, ಹಾಗೇ ಬಿಟ್ಟರೆ ಹೀಟರ್ ಸುಟ್ಟುಹೋಗುತ್ತದೆ. ಈ ಜಾತಿಯ ಮೆಷಿನ್ ಸಾಯುವ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಹೀಟ್ ಎಕ್ಸ್‌ಚೇಂಜರ್‌ನಲ್ಲಿ ದೊಡ್ಡ ಬಾಯ್ಲರ್ ಸದಾ ಹಬೆಯ ಬಿಸಿಯಲ್ಲೇ ಇರುತ್ತದೆ, 1ರಿಂದ 1.3 ಬಾರ್, ಅಂದರೆ 120ರಿಂದ 125 ಡಿಗ್ರಿ. ಕಾಫಿಯ ನೀರು ಅದರೊಳಗಿನ ಒಂದು ನಳಿಕೆಯಲ್ಲಿ ಹಾದು ಬಿಸಿಯಾಗುತ್ತದೆ. ಶಾಟ್, ಹಬೆ ಒಟ್ಟೊಟ್ಟಿಗೆ ನಡೆಯುತ್ತವೆ. ಸುಮ್ಮನೆ ನಿಂತಿದ್ದಾಗ ನಳಿಕೆಯ ನೀರು ಅತಿಯಾಗಿ ಕಾಯುವುದರಿಂದ ಶಾಟ್‌ಗೆ ಮೊದಲು ನೀರು ಬಿಟ್ಟು, ಆ ಚುರುಗುಟ್ಟುವ ಸದ್ದು ನಿಲ್ಲುವ ತನಕ ಹರಿಸಬೇಕು. ಮರೆತರೆ ಕಾಫಿ ಸುಟ್ಟ ಕಹಿ.

ಡ್ಯುಯಲ್ ಬಾಯ್ಲರ್‌ನಲ್ಲಿ ಎರಡೂ ಬೇರೆ ಬೇರೆ, ಎರಡಕ್ಕೂ ಪ್ರತ್ಯೇಕ ತಾಪ ನಿಯಂತ್ರಣ. ಅತ್ಯಂತ ಸ್ಥಿರ, ಅತ್ಯಂತ ದುಬಾರಿ, ಬಿಚ್ಚಿದರೆ ಅತ್ಯಂತ ಹೆಚ್ಚು ಭಾಗಗಳು. ಥರ್ಮೊಬ್ಲಾಕ್‌ನಲ್ಲಿ ಬಾಯ್ಲರೇ ಇಲ್ಲ, ಕಾದ ಲೋಹದ ತುಂಡಿನೊಳಗಿನ ಸಣ್ಣ ಕಾಲುವೆಯಲ್ಲಿ ನೀರು ಹರಿಯುತ್ತಾ ಬಿಸಿಯಾಗುತ್ತದೆ. ಗಳಿಗೆಯಲ್ಲಿ ಸಿದ್ಧ. ಆದರೆ ನೀರು ಬಿಸಿಯಾದರೂ ಪೋರ್ಟಾಫಿಲ್ಟರ್, ಅಂದರೆ ಬಾಸ್ಕೆಟ್ ಕೂರಿಸುವ ಹಿಡಿಕೆ, ತಣ್ಣಗೇ ಇರುತ್ತದೆ, ಹಾಗಾಗಿ ಮೊದಲು ಪುಡಿಯಿಲ್ಲದೆ ಒಂದು ಶಾಟ್ ನೀರು ಬಿಟ್ಟು ಲೋಹ ಬಿಸಿ ಮಾಡಿಕೊಳ್ಳಬೇಕು.

ಈಗ ನಿಮ್ಮ ಬೆಳಗಿನ ಲೆಕ್ಕ. ಎರಡು ಕ್ಯಾಪುಚಿನೊ ಅಂದರೆ ಎರಡು ಶಾಟ್, 240 ಮಿ.ಲೀ. ಹಾಲು. ಸಿಂಗಲ್ ಬಾಯ್ಲರ್‌ನಲ್ಲಿ ಕಪ್ಪಿಗೊಂದು ಸಲ ಹಬೆಗೆ ಹೋಗಿ ಬರಬೇಡಿ. ಎರಡೂ ಶಾಟ್ ಒಂದರ ಹಿಂದೊಂದು ತೆಗೆಯಿರಿ, ಆಮೇಲೆ 600 ಮಿ.ಲೀ. ಜಗ್ಗಿನಲ್ಲಿ 240 ಮಿ.ಲೀ. ಹಾಲನ್ನು ಒಂದೇ ಸಲಕ್ಕೆ ಕಾಯಿಸಿ ಎರಡಕ್ಕೂ ಹಂಚಿ. ಶಾಟ್ ಅರ್ಧ ನಿಮಿಷ, ಬಿಲ್ಲೆ ತಟ್ಟಿ ತುಂಬಲು ಒಂದು ನಿಮಿಷ, ಇನ್ನೊಂದು ಶಾಟ್ ಅರ್ಧ ನಿಮಿಷ, ಹಬೆ ಏರಲು ಮುಕ್ಕಾಲು ನಿಮಿಷ, ಹಾಲಿಗೆ ಒಂದು ನಿಮಿಷ. ನಾಲ್ಕೈದು ನಿಮಿಷಕ್ಕೆ ಎರಡೂ ಕಪ್ ಮೇಜಿನ ಮೇಲೆ. ಮಧ್ಯಾಹ್ನ ಹಾಲೇ ಇಲ್ಲ. ಇಷ್ಟಕ್ಕೆ ಎರಡು ಬಾಯ್ಲರ್ ಕೊಳ್ಳುವುದು ವ್ಯರ್ಥ ಖರ್ಚು. ದಿನವೂ ನಾಲ್ಕೈದು ಹಾಲಿನ ಕಪ್ ಅಂತಿದ್ದರೆ ನನ್ನ ಉತ್ತರ ಬೇರೆಯೇ ಇರುತ್ತಿತ್ತು.

ಆದರೆ ಸಿಂಗಲ್ ಬಾಯ್ಲರ್ ಎಲ್ಲವೂ ಒಂದೇ ಅಲ್ಲ. ಗಾಜಿಯಾ ಕ್ಲಾಸಿಕ್ 1991ರಿಂದ ಇರುವ ಗಟ್ಟಿಮುಟ್ಟಾದ ಮೆಷಿನ್, ಬಿಡಿ ಭಾಗ ಧಾರಾಳ. ಅದರ ಬಾಯ್ಲರ್ ಮಾತ್ರ 100 ಮಿ.ಲೀ. ಆಸುಪಾಸು, 240 ಮಿ.ಲೀ. ಹಾಲಿಗೆ ಹಬೆ ಮಧ್ಯದಲ್ಲೇ ಸೊರಗುತ್ತದೆ. ರಾಂಚಿಲಿಯೊ ಸಿಲ್ವಿಯಾ, ಲೆಲಿಟ್ ವಿಕ್ಟೋರಿಯಾ ಇವುಗಳ ಹಿತ್ತಾಳೆ ಬಾಯ್ಲರ್ 300 ಮಿ.ಲೀ., ನಿಮಗೆ ಆ ಗಾತ್ರ ಬೇಕು. ಇನ್ನೊಂದು, ಪಿಐಡಿ ಅನ್ನುವ ಎಲೆಕ್ಟ್ರಾನಿಕ್ ತಾಪ ನಿಯಂತ್ರಕ ಇರಲಿ. ಹಳೆಯ ಥರ್ಮೊಸ್ಟಾಟ್ ಬಿಸಿ ಸಾಕಷ್ಟು ಇಳಿದ ಮೇಲೆ ಹೀಟರ್ ಹಚ್ಚಿ, ಮಿತಿ ಮೀರಿದ ಮೇಲೆ ಆರಿಸುತ್ತದೆ; ಆ ಏರಿಳಿತದಲ್ಲಿ ನೀವು ಯಾವ ಗಳಿಗೆಗೆ ಸ್ವಿಚ್ ಒತ್ತುತ್ತೀರೋ ಅದರ ಮೇಲೆ ರುಚಿ. ಪಿಐಡಿ ಹೀಟರನ್ನು ಸಣ್ಣ ಸಣ್ಣ ಕಂತಿನಲ್ಲಿ ನಡೆಸಿ ಹೇಳಿದ ಡಿಗ್ರಿಗೆ ಹತ್ತಿರದಲ್ಲೇ ನಿಲ್ಲಿಸುತ್ತದೆ. ಲೆಲಿಟ್ ವಿಕ್ಟೋರಿಯಾ, ಪ್ರೊಫಿಟೆಕ್ ಗೋ ಇವೆರಡರಲ್ಲೂ ಅದು ಕಾರ್ಖಾನೆಯಿಂದಲೇ ಬರುತ್ತದೆ.

ಪೋರ್ಟಾಫಿಲ್ಟರ್ 58 ಮಿ.ಮೀ. ಆಗಿದ್ದರೆ ಬಾಸ್ಕೆಟ್, ಪುಡಿ ಒತ್ತುವ ಟ್ಯಾಂಪರ್ ಬಹುತೇಕ ಯಾವ ತಯಾರಕರದ್ದಾದರೂ ಹೊಂದುತ್ತವೆ; ತಳವಿಲ್ಲದ ಹಿಡಿಕೆ ಮಾತ್ರ ನಿಮ್ಮ ಮೆಷಿನ್‌ಗೆ ಹೊಂದುವುದೇ ಆಗಬೇಕು. 54, 51 ಮಿ.ಮೀ. ಇದ್ದರೆ ಆಯ್ಕೆ ಕಡಿಮೆ, ಕಾಫಿ ಕೆಟ್ಟದಾಗೇನೂ ಬರುವುದಿಲ್ಲ. ಮೂರು ದಾರಿಯ ಸೊಲೆನಾಯ್ಡ್ ವಾಲ್ವ್ ಇದೆಯಾ ಅಂತಲೂ ನೋಡಿ. ಶಾಟ್ ನಿಲ್ಲಿಸಿದ ಕೂಡಲೇ ಅದು ಬಿಲ್ಲೆಯ ಮೇಲಿನ ಒತ್ತಡವನ್ನು ಕೆಳಗಿನ ತಟ್ಟೆಗೆ ಬಿಡುತ್ತದೆ. ಇಲ್ಲದ ಮೆಷಿನ್‌ನಲ್ಲಿ ಅವಸರದಿಂದ ಹಿಡಿಕೆ ತೆಗೆದರೆ ಬಿಸಿ ಗಸಿ ಮುಖಕ್ಕೆ ಚಿಮ್ಮುತ್ತದೆ.

45 ಸೆಂ.ಮೀ. ಎತ್ತರದಲ್ಲಿ ಮೆಷಿನ್ ಕೂರುತ್ತದೆ. ಆದರೆ ಟ್ಯಾಂಕಿಗೆ ಮೇಲಿನಿಂದ ನೀರು ಹಾಕಬೇಕಾದರೆ ಪ್ರತಿ ಸಲ ಮುಂದಕ್ಕೆ ಎಳೆಯಬೇಕಾಗುತ್ತದೆ. ಮುಂದೆ ಹಿಡಿಕೆ ಚಾಚಿಕೊಳ್ಳುವ ಜಾಗವನ್ನೂ ಆಳದ ಲೆಕ್ಕಕ್ಕೆ ಸೇರಿಸಿ.

ಬೆಳಗಿನ ಕಪ್:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಇಬ್ಬರಿಗೂ ಧನ್ಯವಾದ. ಹಾಗಾದ್ರೆ ಪಿಐಡಿ ಇರುವ, 300 ಮಿ.ಲೀ. ಸಿಂಗಲ್ ಬಾಯ್ಲರ್, ಜೊತೆಗೆ ಬೇರೆ ಗ್ರೈಂಡರ್ ಅಂತ ನಿರ್ಧಾರಕ್ಕೆ ಬರ್ತಿದೀವಿ. ಎರಡು ಅನುಮಾನ ಉಳಿದಿವೆ. ನಲ್ಲಿ ನೀರು ತುಂಬಾ ಗಡಸು, ಕೆಟಲ್ ತಳದಲ್ಲಿ ಬೆಳ್ಳಗೆ ಕಟ್ಟುತ್ತೆ. ಆರ್‌ಓ ನೀರು ಹಾಕಿದ್ರೆ ಸಾಕಲ್ವಾ? ಇನ್ನೊಂದು, ಇ61 ಗ್ರೂಪ್ (ಹಿಡಿಕೆ ಸಿಕ್ಕಿಸೋ, ಕಾಫಿಗೆ ನೀರು ಬಿಡೋ ತಲೆಭಾಗ) ಇರೋದನ್ನೇ ತಗೊಳ್ಳಿ ಅಂತ ಬಹಳ ಕಡೆ ಓದಿದೆ. ಅದನ್ನು ಬಿಡ್ತಿರೋದು ತಪ್ಪಾಗುತ್ತಾ?

ಮೆತ್ತನೆ ನೀರು:

ನೀರಿನ ಪ್ರಶ್ನೆಯನ್ನು ಮೆಷಿನ್ ಮನೆಗೆ ಬರುವ ಮುಂಚೆಯೇ ಕೇಳಿದ್ದು ಒಳ್ಳೆಯದಾಯಿತು. ಒಳಗೆ ಸುಣ್ಣ ಕಟ್ಟಿದ ಮೇಲೆ ಕೇಳುವವರೇ ಹೆಚ್ಚು.

ಟಿಡಿಎಸ್ ಮೀಟರ್ ನೋಡಿ ಗಡಸುತನ ನಿರ್ಧರಿಸಬೇಡಿ. ಅದು ಕರಗಿದ ಎಲ್ಲ ಲವಣಗಳ ಅಂದಾಜು ಕೊಡುತ್ತದೆಯೇ ಹೊರತು ಸುಣ್ಣ ಎಷ್ಟು, ಉಪ್ಪು ಎಷ್ಟು ಅಂತ ಬಿಡಿಸಿ ಹೇಳುವುದಿಲ್ಲ. ಅಕ್ವೇರಿಯಂನವರು ಬಳಸುವ ಹನಿ ಹಾಕುವ ಕಿಟ್ ಸಾಕು. 5 ಮಿ.ಲೀ. ನೀರಿಗೆ ಬಣ್ಣ ಬದಲಾಗುವ ತನಕ ಹನಿ ಎಣಿಸಿ. ಸಾಮಾನ್ಯವಾಗಿ ಒಂದು ಹನಿಗೆ ಒಂದು ಜರ್ಮನ್ ಡಿಗ್ರಿ, ಅಂದರೆ ಲೀಟರಿಗೆ 17.8 ಮಿ.ಗ್ರಾಂ. ಗಡಸುತನಕ್ಕೆ ಒಂದು ಕಿಟ್, ಕ್ಷಾರತೆಗೆ (ನೀರಿನ ಆಮ್ಲ ತಡೆಯುವ ಶಕ್ತಿಗೆ) ಇನ್ನೊಂದು. ಮೆಷಿನ್‌ಗೆ ಹೋಗುವ ನೀರಿನ ಗಡಸುತನ 50ರಿಂದ 80, ಕ್ಷಾರತೆ 40ರಿಂದ 50 ಮಿ.ಗ್ರಾಂ. ಹತ್ತಿರ ಇದ್ದರೆ ರುಚಿಯೂ ಇರುತ್ತದೆ, ಸುಣ್ಣವೂ ನಿಧಾನ.

ಬರೀ ಆರ್‌ಓ ನೀರು ಬೇಡ. ಲವಣವಿಲ್ಲದ ನೀರಿನಲ್ಲಿ ಆಮ್ಲವನ್ನು ತಡೆಯುವ ಶಕ್ತಿ ಇರುವುದಿಲ್ಲ, ಅದು ತಾಮ್ರ, ಹಿತ್ತಾಳೆಯನ್ನು ನಿಧಾನವಾಗಿ ತಿನ್ನುತ್ತದೆ. ಕಾಫಿಯ ರುಚಿಯೂ ಒಡೆದು ಕಾಣುವುದಿಲ್ಲ, ಹುಳಿ ಮಾತ್ರ ಚುಚ್ಚುತ್ತದೆ. ಹೀಟ್ ಎಕ್ಸ್‌ಚೇಂಜರ್, ಡ್ಯುಯಲ್ ಬಾಯ್ಲರ್‌ನಲ್ಲಿ ಇನ್ನೊಂದು ಅಪಾಯವಿದೆ. ಹಬೆಯ ಬಾಯ್ಲರ್‌ನಲ್ಲಿ ನೀರಿನ ಮಟ್ಟ ಅಳೆಯುವ ಕಡ್ಡಿ, ನೀರಿನಲ್ಲಿ ವಿದ್ಯುತ್ ಹರಿಯುತ್ತಾ ಅಂತ ನೋಡಿಯೇ ಮಟ್ಟ ತಿಳಿಯುತ್ತದೆ. ಲವಣವಿಲ್ಲದ ನೀರು ಅದಕ್ಕೆ ಕಾಣಿಸುವುದಿಲ್ಲ, ತುಂಬಿದ ಮೇಲೂ ಪಂಪ್ ತುಂಬುತ್ತಲೇ ಇರುತ್ತದೆ.

ದಾರಿ ಎರಡಿವೆ. ಒಂದು ಬೆರಕೆ. ನಲ್ಲಿ ನೀರಿನ ಗಡಸುತನ 300 ಬಂತು ಅನ್ನಿ, ಅದರ ಒಂದು ಪಾಲಿಗೆ ನಾಲ್ಕು ಪಾಲು ಆರ್‌ಓ ನೀರು ಸೇರಿಸಿದರೆ 60ಕ್ಕೆ ಇಳಿಯುತ್ತದೆ. ನೀರು ಉಪ್ಪುಪ್ಪಾಗಿದ್ದರೆ ಈ ದಾರಿ ಬೇಡ. ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲನ್ನೂ ಚುಕ್ಕೆ ಚುಕ್ಕೆಯಾಗಿ ಕೊರೆಯುತ್ತದೆ, ಅದನ್ನು ಯಾವ ಆಮ್ಲದಿಂದಲೂ ಸರಿಪಡಿಸಲಾಗದು. ಎರಡನೆಯದು ಪೊಟ್ಯಾಸಿಯಂ ಬೈಕಾರ್ಬನೇಟ್, ಆಹಾರಕ್ಕೆ ಬಳಸುವ ದರ್ಜೆಯದು. 10 ಗ್ರಾಂ ತೂಗಿ ಒಂದು ಲೀಟರ್ ಆರ್‌ಓ ನೀರಿನಲ್ಲಿ ಕರಗಿಸಿ ಬಾಟಲಿಯಲ್ಲಿ ಇಟ್ಟುಕೊಳ್ಳಿ. ಮೆಷಿನ್‌ಗೆ ಹಾಕುವ ಒಂದು ಲೀಟರ್ ಆರ್‌ಓ ನೀರಿಗೆ ಇದರಿಂದ 10 ಮಿ.ಲೀ. ಹಾಕಿದರೆ ಲೀಟರಿಗೆ 0.1 ಗ್ರಾಂ ಆಯಿತು, ಕ್ಷಾರತೆ 50ರ ಹತ್ತಿರ ಬಂತು. ಕ್ಯಾಲ್ಸಿಯಂ ಇಲ್ಲವೇ ಇಲ್ಲ, ಹಾಗಾಗಿ ಸುಣ್ಣ ಕಟ್ಟುವ ಪ್ರಶ್ನೆಯೇ ಬರುವುದಿಲ್ಲ. ನಾಲ್ಕು ಕಪ್ ಬಳಕೆಗೆ ಇದೇ ಅತಿ ಸುಲಭ ಅನ್ನುವುದು ನನ್ನ ಅಭಿಪ್ರಾಯ.

ಬೆರಕೆಯ ದಾರಿ ಹಿಡಿದರೆ ಸುಣ್ಣ ತೆಗೆಯುವ ಕೆಲಸ ಆಗಾಗ ಇದ್ದೇ ಇರುತ್ತದೆ. ಮೆಷಿನ್‌ನ ಕೈಪಿಡಿ ಒಪ್ಪಿದರೆ ಲೀಟರಿಗೆ 20 ಗ್ರಾಂ ಸಿಟ್ರಿಕ್ ಆಮ್ಲ. ಅರ್ಧವನ್ನು ಗ್ರೂಪ್ ಮೂಲಕವೂ ಹಬೆ ಕೊಳವೆ ಮೂಲಕವೂ ಹರಿಸಿ, ಇಪ್ಪತ್ತು ನಿಮಿಷ ನಿಲ್ಲಿಸಿ, ಉಳಿದದ್ದನ್ನು ಹರಿಸಿ, ಆಮೇಲೆ ಎರಡು ಟ್ಯಾಂಕ್ ಒಳ್ಳೆ ನೀರು. ಅಲ್ಯೂಮಿನಿಯಂ ಬಾಯ್ಲರ್ ಆದರೆ ಹೊತ್ತು ಮೀರಿಸಲೇಬೇಡಿ, ಆಮ್ಲ ಲೋಹವನ್ನೇ ತಿನ್ನುತ್ತದೆ. ವಿನಿಗರ್ ಬೇಡ, ವಾಸನೆ ರಬ್ಬರಿನಲ್ಲಿ ಕೂತುಬಿಡುತ್ತದೆ. ವರ್ಷಗಟ್ಟಲೆ ಸುಣ್ಣ ಕಟ್ಟಿದ ದೊಡ್ಡ ಬಾಯ್ಲರಿಗೆ ಮನೆಯಲ್ಲಿ ಆಮ್ಲ ಹಾಕುವುದು ಕೂಡ ತಪ್ಪು. ಕಿತ್ತುಬಂದ ಚಕ್ಕೆಗಳು ಜಿಗ್ಲರ್ ಎಂಬ ಸಣ್ಣ ತೂತಿಗೆ ಸಿಕ್ಕಿಕೊಳ್ಳುತ್ತವೆ, ಅದರ ಅಗಲ ಒಂದು ಮಿಲಿಮೀಟರೂ ಇರುವುದಿಲ್ಲ.

ಸ್ಪ್ರಿಂಗ್ ಲಿವರ್:

ಇ61 ಬಗ್ಗೆ ಎರಡು ಮಾತು, ಆಮೇಲೆ ಬೇರೊಂದು ದಾರಿ.

1961ರಲ್ಲಿ ಫಾಎಮಾ ತಂದ ಗ್ರೂಪ್ ಅದು, ಹೆಸರಿನ 61 ಅಲ್ಲಿಂದಲೇ. ಸುಮಾರು 4 ಕಿಲೊ ಹಿತ್ತಾಳೆ. ಬಾಯ್ಲರ್‌ನ ಬಿಸಿನೀರು ಅದರೊಳಗೆ ತಾನಾಗಿ ಸುತ್ತುತ್ತಾ ಲೋಹವನ್ನು ಬಿಸಿಯಾಗಿ ಇಡುತ್ತೆ. ಸಾಲಾಗಿ ಶಾಟ್ ತೆಗೆಯುವ ಕಡೆ ಅದು ಚಿನ್ನ. ಮನೆಯಲ್ಲಿ ಆ ನಾಲ್ಕು ಕಿಲೊ ಕಾಯಲು ಅರ್ಧ ಗಂಟೆ ಬೇಕು, ಅದೂ ದಿನಕ್ಕೆ ಎರಡು ಸಲ. ಬೆಳಿಗ್ಗೆ ಎರಡು, ಮಧ್ಯಾಹ್ನ ಎರಡು ಕಪ್ ಕುಡಿಯುವ ಮನೆಯಲ್ಲಿ ಅದು ಇಲ್ಲ ಅಂತ ಕೊರಗಬೇಕಿಲ್ಲ.

ನನ್ನ ತಕರಾರು ಬೇರೆ. ನಿಮ್ಮ ನಾಲ್ಕು ಕಪ್ಪಿನಲ್ಲಿ ಎರಡು ಹಾಲಿಲ್ಲದವು. ಬರೀ ಎಸ್ಪ್ರೆಸೊ ರುಚಿಗೆ ಕೈಯಿಂದ ಒತ್ತುವ ಲಿವರ್ ಯಾವ ಪಂಪಿಗೂ ಕಡಿಮೆ ಅಲ್ಲ. ಇವತ್ತು ನಾವು ಎಸ್ಪ್ರೆಸೊ ಅನ್ನುವ ನೊರೆ ಕಟ್ಟಿದ ಕಾಫಿ ಹುಟ್ಟಿದ್ದೇ 1940ರ ದಶಕದ ಕೊನೆಗೆ ಗಾಜಿಯಾ ಲಿವರ್‌ಗಳಿಂದ. ಫ್ಲೇರ್, ಕಾಫೆಲಾಟ್ ರೋಬೊಟ್ ಥರದವುಗಳಲ್ಲಿ ಬಾಯ್ಲರ್ ಇಲ್ಲ, ಪಂಪ್ ಇಲ್ಲ. ಕೆಟಲ್‌ನಿಂದ ಕುದಿನೀರು ಸುರಿದು, ಎರಡು ಮೂರು ಬಾರ್‌ನಲ್ಲಿ ಹತ್ತು ಸೆಕೆಂಡು ಪುಡಿ ನೆನೆಸಿ, ಮೆಲ್ಲಗೆ 8, 9ಕ್ಕೆ ಏರಿಸಿ, ಕೊನೆಗೆ 6ಕ್ಕೆ ಇಳಿಸಿದರೆ ಒಗರು ಉಳಿಯುವುದಿಲ್ಲ. ಕೆಡುವುದು ಅಂದರೆ ಒಂದೆರಡು ರಬ್ಬರ್ ಉಂಗುರ, ಅಷ್ಟೆ. ಉಳಿದ ಹಣವನ್ನೆಲ್ಲ ಗ್ರೈಂಡರಿಗೆ ಸುರಿಯಬಹುದು.

ಹಾಲಿಗೆ ಮಾತ್ರ ಬೇರೆ ಏರ್ಪಾಡು ಬೇಕು. ಒಲೆಯ ಮೇಲೆ ಇಡುವ ಹಬೆ ಪಾತ್ರೆ ಸಿಗುತ್ತದೆ, ಆದರೆ ಬೆಳಗಿನ ಅವಸರದಲ್ಲಿ ಎರಡನ್ನೂ ನೋಡಿಕೊಳ್ಳುವುದು ಎಲ್ಲರಿಗೂ ಒಗ್ಗದು. ಬೆಳಗಿನ ಎರಡು ಕ್ಯಾಪುಚಿನೊ ಬಿಡೋಕೆ ಆಗಲ್ಲ ಅಂದ್ರೆ ಹಿತ್ತಾಳೆ ಗ್ರೂಪ್ ಅವರು ಹೇಳಿದ್ದೇ ಸರಿ.

ಬೆಳಗಿನ ಕಪ್:

ಹಾಲು ಬಿಡೋಕೆ ಆಗಲ್ಲ, ಹಾಗಾಗಿ ಸಿಂಗಲ್ ಬಾಯ್ಲರೇ. ಕೊನೇ ಪ್ರಶ್ನೆ. ಬಳಸಿದ ಮೆಷಿನ್ ಒಂದು ಕೈಗೆಟುಕೋ ಹಾಗಿದೆ. ನೋಡಲು ಹೋದಾಗ ಏನೇನು ಪರೀಕ್ಷೆ ಮಾಡಬೇಕು? ಮನೆಗೆ ತಂದ ಮೇಲೆ ಹದ ಹಿಡಿಯೋದು ಎಲ್ಲಿಂದ ಶುರು ಮಾಡಲಿ?

ಹಿತ್ತಾಳೆ ಗ್ರೂಪ್:

ಹೋಗುವಾಗ ತೂಕದ ತಕ್ಕಡಿ, ಒಂದು ಟಾರ್ಚ್, ಸ್ಕ್ರೂಡ್ರೈವರ್ ತಗೊಂಡು ಹೋಗಿ. ಮೆಷಿನ್ ಮೊದಲೇ ಬಿಸಿ ಮಾಡಿಡಬೇಡಿ ಅಂತ ಹೇಳಿ. ತಣ್ಣಗಿರುವಾಗ ಹಚ್ಚಿದರೇ ನಿಜ ತಿಳಿಯುವುದು.

ಮೊದಲು ತಳದ ತಗಡಿನ ಮೇಲೆ ವೋಲ್ಟೇಜ್ ಮತ್ತು ಹರ್ಟ್ಜ್ ಓದಿ. ಬೇರೆ ದೇಶದಿಂದ ಬಂದ ಮೆಷಿನ್ ಆಗಿದ್ದರೆ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಸರಿಮಾಡಬಹುದು, ಹರ್ಟ್ಜ್ ಬದಲಿಸುವುದಿಲ್ಲ. ವೈಬ್ರೇಷನ್ ಪಂಪು ನಡೆಯುವುದೇ ಕರೆಂಟಿನ ಮಿಡಿತಕ್ಕೆ, 60ಕ್ಕೆ ಮಾಡಿದ್ದನ್ನು 50ರಲ್ಲಿ ಓಡಿಸಿದರೆ ಅದರ ಹೊಡೆತವೇ ಬೇರೆಯಾಗುತ್ತದೆ. ಮೂರು ಪಿನ್ನಿನ ಅರ್ತಿಂಗ್ ಇರುವ ಪ್ಲಗ್ ಕತ್ತರಿಸಿ ಎರಡು ಪಿನ್ ಮಾಡಿದ್ದರೆ ವಾಪಸ್ ಬನ್ನಿ.

ಬಿಸಿಯಾಗುವಾಗ ಕೆಳಗೆ ಎಲ್ಲಿಯಾದರೂ ಹನಿಯುತ್ತಾ ನೋಡಿ. ಗ್ರೂಪಿನ ತಳದ ಜಾಲರಿ, ಅಂದರೆ ಷವರ್ ಸ್ಕ್ರೀನ್ ಬಿಚ್ಚಿ ಒಳಗೆ ಟಾರ್ಚ್ ಬಿಡಿ. ಕಪ್ಪು ಜಿಡ್ಡು ಇದ್ದರೆ ತೊಳೆದರೆ ಹೋಗುತ್ತದೆ, ಬಿಳಿ ಅಥವಾ ಹಸಿರು ಪದರ ಇದ್ದರೆ ಒಳಗೂ ಹಾಗೇ ಇದೆ ಅಂತ ತಿಳಿಯಿರಿ. ಕುರುಡು (ತೂತಿಲ್ಲದ) ಬಾಸ್ಕೆಟ್ ಸಿಕ್ಕಿಸಿ ಪಂಪ್ ಹಾಕಿ: ಹತ್ತು ಸೆಕೆಂಡಿನಲ್ಲಿ ಸದ್ದು ಬಿಗಿಯಾಗಿ ಒತ್ತಡ ನಿಲ್ಲಬೇಕು, ಆರಿಸಿದ ಕೂಡಲೇ ತಟ್ಟೆಗೆ ನೀರು ಬುಸ್ಸೆಂದು ಬೀಳಬೇಕು. ಬೀಳದಿದ್ದರೆ ಮೂರು ದಾರಿಯ ವಾಲ್ವ್ ಕಟ್ಟಿದೆ. ಹಿಡಿಕೆ ನಡುವಿಗೆ ಬಂದು ಬಿಗಿಯಾಗದೆ ಬಲಕ್ಕೆ ಬಹಳ ದೂರ ಹೋದರೆ ಗ್ಯಾಸ್ಕೆಟ್ ಗಟ್ಟಿಯಾಗಿದೆ, ಅದು ಸಣ್ಣ ಖರ್ಚು, ಚಿಂತೆ ಬೇಡ. ಹಬೆಯ ಗುಬುಟು ಮುಚ್ಚಿದ ಮೇಲೂ ಕೊಳವೆಯಿಂದ ಹನಿ ಬರುತ್ತಿದ್ದರೆ ವಾಲ್ವಿನ ವಾಷರ್ ಸವೆದಿದೆ. ಹಬೆಗೆ ಹಾಕಿದಾಗ ಮನೆಯ ಫ್ಯೂಸ್ ಹಾರಿದರೆ ಹೀಟರಿನ ಇನ್ಸುಲೇಷನ್ ಹೋಗಿದೆ. ಅಂಥದ್ದು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಹದ ಹಿಡಿಯುವುದು. 18 ಗ್ರಾಂ ಬಾಸ್ಕೆಟ್‌ಗೆ 18 ಗ್ರಾಂ, 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ. ಪಿಐಡಿ 93ಕ್ಕೆ. ಮೆಷಿನ್ ಹಿಡಿಕೆ ಸಮೇತ 15 ನಿಮಿಷ ಬಿಸಿಯಾಗಲಿ. 0.4 ಮಿ.ಮೀ. ಸೂಜಿಗಳಿಂದ ಪುಡಿಯನ್ನು ತಳದವರೆಗೂ ಕೆದಕಿ ಗಂಟು ಒಡೆಯಿರಿ, ಆಮೇಲೆ ಟ್ಯಾಂಪರ್ ನೇರವಾಗಿ ಒತ್ತಿ. ಎಷ್ಟು ಬಲ ಹಾಕಿದಿರಿ ಅನ್ನುವುದು ಮುಖ್ಯವಲ್ಲ, ಬಿಲ್ಲೆ ವಾರೆಯಾಗಬಾರದು. ಪಂಪ್ ಹಾಕಿದ ಕ್ಷಣದಿಂದ ಸೆಕೆಂಡು ಎಣಿಸಿ, ತಕ್ಕಡಿ 34 ತೋರಿಸಿದಾಗ ನಿಲ್ಲಿಸಿ; ಹನಿಯುವುದು ಸೇರಿ 36 ಆಗುತ್ತದೆ.

15 ಸೆಕೆಂಡಿಗೇ ಮುಗಿದರೆ ಇನ್ನೂ ನುಣ್ಣಗೆ ಬೀಸಿ. 45 ಆದರೆ ತರಿ ಮಾಡಿ. ಸಮಯ ಸರಿಯಾಗಿದ್ದೂ ಹುಳಿ ಹೊಡೆದರೆ ಬೀಸುವ ಹದ ಮುಟ್ಟಬೇಡಿ, 40 ಗ್ರಾಂ ತನಕ ಇಳಿಸಿ ನೋಡಿ, ಆಮೇಲೆ ಬಿಸಿ ಒಂದೆರಡು ಡಿಗ್ರಿ ಏರಿಸಿ. ಕಡು ಹುರಿತದ ಬೀಜ ಕಹಿ ಬಂದರೆ 90ಕ್ಕೆ ಇಳಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಒಂದೇ ಹದದಲ್ಲಿ ಒಮ್ಮೆ 22, ಒಮ್ಮೆ 35 ಸೆಕೆಂಡು ಬಂದರೆ ದೋಷ ಹದದಲ್ಲಿಲ್ಲ, ಪುಡಿ ಹರಡುವುದರಲ್ಲಿದೆ: ನೀರು ಎಲ್ಲೋ ಒಂದು ಕಡೆ ದಾರಿ ಕೊರೆದುಕೊಳ್ಳುತ್ತಿದೆ. ತಳವಿಲ್ಲದ ಹಿಡಿಕೆಯಲ್ಲಿ ಅದು ಎಲ್ಲಿಂದ ಚಿಮ್ಮುತ್ತದೆ ಅನ್ನುವುದೇ ಕಣ್ಣಿಗೆ ಕಾಣುತ್ತದೆ. ಹುರಿದು ಒಂದು ವಾರವಾದರೂ ಆಗದ ಬೀಜದಲ್ಲಿ ಅನಿಲ ಜಾಸ್ತಿ, ಅದೂ ಹೀಗೆ ಆಟ ಆಡಿಸುತ್ತದೆ.

ಹಾಲು ಫ್ರಿಜ್ಜಿನಿಂದ ತಣ್ಣಗೇ ಬರಲಿ. ಹಬೆ ಕೊಳವೆಯಲ್ಲಿ ನಿಂತ ನೀರನ್ನು ಮೊದಲು ಹೊರಗೆ ಬಿಡಿ, ತುದಿಯನ್ನು ಹಾಲಿನ ಮೇಲ್ಮೈಗೆ ತಾಗಿಸಿಟ್ಟು ಚರ್ ಚರ್ ಸದ್ದಿನಲ್ಲಿ ಗಾಳಿ ಸೇರಿಸಿ. ಜಗ್ಗು ಮೈಬೆಚ್ಚಗಾದ ಕೂಡಲೇ ತುದಿಯನ್ನು ಸ್ವಲ್ಪ ಮುಳುಗಿಸಿ ಹಾಲು ಸುಳಿ ಸುತ್ತುವಂತೆ ಮಾಡಿ, 60 ಡಿಗ್ರಿಗೆ ನಿಲ್ಲಿಸಿ. 70 ದಾಟಿದರೆ ಸಿಹಿ ಹೋಗಿ ಕಾಸಿದ ಹಾಲಿನ ವಾಸನೆ ಬರುತ್ತದೆ. ಕೊಳವೆಯನ್ನು ಆಗಲೇ ಒದ್ದೆ ಬಟ್ಟೆಯಿಂದ ಒರೆಸಿ, ಒಂದು ಸಲ ಹಬೆ ಬಿಟ್ಟು, ಆಮೇಲೆ ಮರೆಯದೆ ಪಂಪ್ ಹಾಕಿ ಗ್ರೂಪಿನಿಂದ ನೀರು ಒಂದೇ ಸಮ ಹರಿಯುವ ತನಕ ಬಾಯ್ಲರ್ ತುಂಬಿಸಿ.

ಸಂಜೆ ಕುರುಡು ಬಾಸ್ಕೆಟ್‌ನಲ್ಲಿ ಬರೀ ನೀರು. ಹದಿನೈದು ದಿನಕ್ಕೊಮ್ಮೆ 3 ಗ್ರಾಂ ಕಾಫಿ ಜಿಡ್ಡು ತೆಗೆಯುವ ಪುಡಿ ಹಾಕಿ, ಹತ್ತು ಸೆಕೆಂಡು ಹಚ್ಚಿ ಹತ್ತು ಸೆಕೆಂಡು ಆರಿಸಿ, ಹೀಗೆ ಐದು ಸಲ, ಆಮೇಲೆ ಪುಡಿಯಿಲ್ಲದೆ ಮತ್ತೆ ಐದು ಸಲ. ಸೊಲೆನಾಯ್ಡ್ ವಾಲ್ವ್ ಇಲ್ಲದ ಮೆಷಿನ್‌ಗೆ ಇದನ್ನು ಮಾಡಬೇಡಿ, ಒತ್ತಡ ಹೊರಗೆ ಹೋಗಲು ಅಲ್ಲಿ ದಾರಿಯೇ ಇರುವುದಿಲ್ಲ.